ಗಾಜಿನ ಫ್ರಿಜ್‌ನ ಇಂಜೆಕ್ಷನ್

"ಡಬ್ಬಿ ಕೆಳಗಿಡು!"

ಬೆನ್ನಿಗೆ ಚಾಕು ಒತ್ತಿತ್ತು. ಹಿಡಿದಿದ್ದವನು ಗೂಳಿ... ನಮ್ಮ ಕಂಪನಿಯ ಸೆಕ್ಯೂರಿಟಿ. ಕುತ್ತಿಗೆ ಎಂಬುದೇ ಇಲ್ಲದ ಆಸಾಮಿ. ನಾನೂ ಅಲ್ಲೇ, ಮ್ಯಾನೇಜರನ ಕೊಳಕು ಕೆಲಸಗಳನ್ನು ಮುಚ್ಚಿಹಾಕುವ ಫಿಕ್ಸರ್.

ಡಬ್ಬಿಯಲ್ಲಿ ಚಿನ್ನವಿರಲಿಲ್ಲ ಸ್ವಾಮಿ. ಎಚ್‌ಐವಿಯ ಹೊಸ ಇಂಜೆಕ್ಷನ್! ದಿನಾ ಮಾತ್ರೆ ನುಂಗುವ ಬದಲು ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರಾಯಿತು. ಬಡ ರೋಗಿಗಳ ಹೆಸರು ಹೇಳಿ ಹೂಡಿಕೆದಾರರ ದುಡ್ಡಿನಲ್ಲಿ ತರಿಸಿದ್ದು. ತರಿಸಿ ಎಲ್ಲಿಟ್ಟರು?

ರಿಸೆಪ್ಷನ್‌ನ ಗಾಜಿನ ಫ್ರಿಜ್‌ನಲ್ಲಿ. ಒಳಗೆ ನೀಲಿ ಲೈಟು ಬೇರೆ! ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಅನುಕೂಲ ನೋಡಿ.

ರೋಗಿಗಳ ಕ್ಲಿನಿಕ್ಕಿಗೆ ಮೊದಲ ಡೋಸು ಮಾತ್ರ ಕೊಟ್ಟಿದ್ದರು. ಆಮೇಲೆ ಏನೂ ಕಳಿಸಲಿಲ್ಲ ಅಂತಲ್ಲ. ಬ್ರೋಷರ್ ಕಳಿಸಿದ್ದರು. ಮೂರು ಬಂಡಲ್!

ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಅಕ್ಕ ಕೂತಿದ್ದಳು. ಹೋಟೆಲ್ ಲಾಂಡ್ರಿಯಲ್ಲಿ ಚಾದರ ಒಗೆಯುವವಳು. ಅವಳ ಮುಂದಿನ ಇಂಜೆಕ್ಷನ್ನಿನ ತಾರೀಖು ದಾಟಿ ಇವತ್ತಿಗೆ ಏಳು ದಿನ. ಇವತ್ತೂ ದಾಟಿದರೆ ಔಷಧದ ಹಿಡಿತ ಸಡಿಲವಾಗುತ್ತದೆ ಎಂದಿದ್ದಳು ನರ್ಸ್. ನನ್ನನ್ನು ಸಾಕಿದವಳು ಅವಳು. ಅದಕ್ಕೇ ಫ್ರಿಜ್ ತೆರೆದು ಡಬ್ಬಿ ಎತ್ತಿದ್ದೆ.

"ಆಯ್ತು ಮಾರಾಯ..." ಎಂದು ಬಗ್ಗಿದೆ.

ಡಬ್ಬಿ ಇಡಲಿಲ್ಲ. ಹಿಮ್ಮಡಿಯಿಂದ ಅವನ ಮೊಣಕಾಲಿಗೆ ಒದ್ದೆ!

ಸ್ಕೂಟರ್. ಹಿಂದೆ ಅವನ ಜೀಪು. ಕೆಂಪು ಸಿಗ್ನಲ್... ಹಾಳಾಗಿ ಹೋಗಲಿ!

ಮ್ಯಾನೇಜರನ ಫೋನು. ಹೆಲ್ಮೆಟ್ಟಿನೊಳಗೆ ತುರುಕಿಕೊಂಡೆ.

"ಕಳ್ಳ ನನ್ಮಗನೇ! ನಾಳೆ ಹೂಡಿಕೆದಾರರು ಬರ್ತಾರೆ. ಖಾಲಿ ಫ್ರಿಜ್ ತೋರಿಸ್ಲಾ?"

"ತೋರ್ಸಿ ಸರ್! ಔಷಧ ಜನಕ್ಕೆ ತಲುಪಿದೆ ಅನ್ನಿ. ಜೀವನದಲ್ಲಿ ಒಂದ್ಸಲ ನಿಜ ಹೇಳಿದ ಹಾಗಾಗುತ್ತೆ."

ಕ್ಲಿನಿಕ್ಕಿನೊಳಗೆ ನುಗ್ಗಿದೆ. ಗೂಳಿಯೂ ಜೀಪಿನಿಂದ ಜಿಗಿದು ಅಟ್ಟಿಸಿಕೊಂಡು ಬಂದ... ಬಾಗಿಲಲ್ಲಿ ಗಕ್ಕನೆ ನಿಂತ.

ತಲೆಯ ಮೇಲೆ ಬೋರ್ಡು. ‘ಎಚ್‌ಐವಿ ಪರೀಕ್ಷೆ ಮತ್ತು ಚಿಕಿತ್ಸೆ.’

"ಬಾರೋ ಒಳಗೆ!"

"ಯಾರಾದ್ರೂ... ನೋಡಿದ್ರೆ?"

ಹಾಡಹಗಲೇ ಚಾಕು ಹಿಡಿದು ಊರೆಲ್ಲ ಓಡಿದವನಿಗೆ ಈಗ ಮಾನದ ಚಿಂತೆ! ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಜೀಪು ಹತ್ತಿ ಪರಾರಿಯಾದ.

ಅರ್ಧ ಗಂಟೆಗೆ ಅಕ್ಕ ಸೊಂಟ ಹಿಡಿದುಕೊಂಡು ಹೊರಬಂದಳು.

"ಎಲ್ಲಿಂದ ತಂದ್ಯೋ?"

"ಶೋಕೇಸಿಂದ."

"ಕೆಲಸ?"

"ಹೋಯ್ತು."

ತಲೆಗೊಂದು ಮೊಟಕಿದಳು. ಇಬ್ಬರೂ ಅತ್ತೆವು. ಬೆಂಚಿನ ಮೇಲಿದ್ದವರೆಲ್ಲ ಸರದಿಯಂತೆ ಒಳಗೆ ಹೋಗುತ್ತಿದ್ದರು.

ಮತ್ತೆ ಫೋನು. ಗೂಳಿಯ ನಂಬರು. ದನಿ ಮಾತ್ರ ಪಿಸುಪಿಸು.

"ಅಣ್ಣಾ... ನಂಗೂ ಒಂದು ಟೆಸ್ಟ್ ಮಾಡಿಸ್ಬೇಕಿತ್ತು. ಅಲ್ಲಿ ಹಿಂದಿನ ಬಾಗಿಲಿದ್ಯಾ?"

"ಇದೆ. ಆದ್ರೆ ಟೋಕನ್ ಕೊಡೋದು ಮುಂದಿನ ಬಾಗಿಲಲ್ಲೇ!"