ಹನ್ನೆರಡನೇ ಕೋಣೆಯ ದೆವ್ವ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಸ್ಟೇಷನ್ನಿಗೆ ದೂರು ಬಂತು. ಹಳೇ ಹೋಟೆಲ್ಲಿನ ಹನ್ನೆರಡನೇ ಕೋಣೆಗೆ ಯಾರೋ ಬೆಂಕಿ ಇಟ್ಟಿದ್ದಾರೆ; ಆರಿಸಲು ಹೋದ ವಾಚ್‌ಮನ್ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದಾನೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಇನ್‌ಸ್ಪೆಕ್ಟರ್, ಎಫ್‌ಐಆರ್ ಬರೆಸಿ, ಆಕಳಿಸುತ್ತಲೇ ಮತ್ತೆ ಜೀಪು ಹತ್ತಿದರು.

ಅದೀಗ ಹೋಟೆಲ್ ಆಗಿ ಉಳಿದಿರಲಿಲ್ಲ. ಗಿರಾಕಿಗಳಿಲ್ಲದೆ ಮುಚ್ಚಿ, ವರ್ಷಗಟ್ಟಲೆ ಪಾಳು ಬಿದ್ದಿದ್ದ ಕಟ್ಟಡಕ್ಕೆ ಹೊಸಬರು ಜೀವ ತುಂಬಿದ್ದರು. ಊಟದ ಹಾಲಿನಲ್ಲಿ ನಾಟಕ, ಬಟ್ಟೆ ಒಗೆಯುತ್ತಿದ್ದಲ್ಲಿ ಬಾರು, ಕೋಣೆಗಳಲ್ಲಿ ಚಿತ್ರಪ್ರದರ್ಶನ. ಹನ್ನೆರಡನೇ ಕೋಣೆಯಲ್ಲಿ ಮಾತ್ರ ದೆವ್ವದ ಆಟ: ಪ್ರಿಯಕರ ಕೈಕೊಟ್ಟನೆಂದು ವಿಷ ಕುಡಿದ ಹುಡುಗಿ, ದಿನಾ ಸಂಜೆ ಚೀರುತ್ತಾ ಸಾಯುತ್ತಿದ್ದಳು. ಜನ ಗ್ಲಾಸು ಹಿಡಿದು ನೋಡಿ, ಅವಳ ಮಂಚದ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಪಂಚನಾಮೆ ನಡೆಯಿತು. ಮಂಚ, ಹಾಸಿಗೆ, ಪರದೆ ಸುಟ್ಟು ಕರಕಲು. ಮೂಲೆಯಲ್ಲಿ ಪೇಂಟರುಗಳ ತಿನ್ನರ್ ಡಬ್ಬಿ. ಬೀಗ ಒಡೆದಿರಲಿಲ್ಲ.

"ಬೀಗ ಹೊಸದಾ?"

"ಹಳೇದೇ ಸಾರ್. ಹಳೇ ಕಳೆ ಇರಲಿ ಅಂತ ಬದಲಾಯಿಸಿಲ್ಲ," ಎಂದ ಮ್ಯಾನೇಜರ್.

"ಈ ದೆವ್ವದ ಕತೆ ಯಾರು ಹೇಳಿದ್ದು?"

"ಹಿಂದೆ ಇಲ್ಲಿ ರೂಮು ಗುಡಿಸ್ತಿದ್ದ ಅಮ್ಮ. ಒಬ್ಬಳು ಹುಡುಗಿ ಸತ್ತಳು ಅಂದ್ರು, ಅಷ್ಟೇ. ಉಪ್ಪು ಖಾರ ನಾವು ಹಚ್ಚಿದ್ವಿ."

ಇನ್‌ಸ್ಪೆಕ್ಟರಿಗೆ ಬೇರೇನೂ ಕೇಳಬೇಕೆನಿಸಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಜೊತೆ ಆ ಮುದುಕಿಯ ಮನೆಗೆ ಹೋದರು. ಆಕೆ ಬಟ್ಟೆ ಮಡಚುತ್ತಿದ್ದಳು.

"ಬೆಳಿಗ್ಗೆ ಎಲ್ಲಿದ್ರಿ?"

"ಮನೇಲೇ."

"ಹೋಟೆಲ್ ಕಡೆ ಹೋಗಿರಲಿಲ್ವಾ?"

"ಆ ಕಡೆ ತಲೆ ಹಾಕಿ ಎಷ್ಟೋ ಕಾಲ ಆಯ್ತು."

"ಅಲ್ಲಿ ಬೆಂಕಿ ಬಿದ್ದಿದೆ. ವಾಚ್‌ಮನ್ ಆಸ್ಪತ್ರೇಲಿದ್ದಾನೆ."

ಮಡಚುತ್ತಿದ್ದ ಕೈ ನಿಂತಿತು. "ಕೈ ಉಳಿಯುತ್ತಾ ಸಾರ್?"

"ಕೈ ಅಂತ ನಾನು ಹೇಳಲಿಲ್ಲವಲ್ಲಮ್ಮ."

ಮುದುಕಿ ಎದ್ದು ಒಳಗೆ ಹೋದಳು. ಕಾನ್‌ಸ್ಟೇಬಲ್ ಹಿಂದೆಯೇ ಹೋದಳು. ಅಕ್ಕಿ ಡಬ್ಬದೊಳಗಿಂದ ಕೀಲಿ ತಂದು ನೆಲದ ಮೇಲಿಟ್ಟಳು ಮುದುಕಿ.

"ಅವನು ಓಡಿ ಬರ್ತಾನೆ ಅಂತ ಗೊತ್ತಿರಲಿಲ್ಲ. ಖಾಲಿ ಕಟ್ಟಡ ಅಂದ್ಕೊಂಡಿದ್ದೆ."

"ಯಾಕೆ ಹೀಗೆ ಮಾಡಿದ್ರಿ?"

"ಸತ್ತವಳು ನನ್ನ ತಂಗಿ. ಅವಳೂ ಅಲ್ಲೇ ಕೆಲಸಕ್ಕಿದ್ಲು. ಜ್ವರ ಬಂತು. ನಮಗೆ ಕೊಟ್ಟಿದ್ದ ರೂಮು ಒದ್ದೆ ಒದ್ದೆ. ಅದಕ್ಕೇ ಯಾರಿಗೂ ಕಾಣದ ಹಾಗೆ ಹನ್ನೆರಡರಲ್ಲಿ ಮಲಗಿಸಿದೆ. ಮೊನ್ನೆ ಅವರು ಆಟ ನೋಡೋಕೆ ಕರೆದ್ರು, ಹೋದೆ. ಯಾವನೋ ಕೈಕೊಟ್ಟ ಅಂತೆ, ವಿಷ ಅಂತೆ. ಅದೆಂಥಾ ಕಿರುಚಾಟ! ನನ್ನ ತಂಗಿ ಕಿರುಚಲಿಲ್ಲ ಸಾರ್. ಪಕ್ಕದ ರೂಮಿನವರಿಗೆ ಕೇಳಿಸೀತು, ಅಕ್ಕನ ಕೆಲಸ ಹೋದೀತು ಅಂತ ಸೆರಗು ಬಾಯಿಗೆ ತುರುಕ್ಕೊಂಡು ಸತ್ತಳು."

ಸಂಜೆ ನಾಲ್ಕಕ್ಕೆ ಆಕೆಯನ್ನು ಬಂಧಿಸಿದರು. ಹೇಳಿಕೆ ಓದಿ ಹೇಳಿದಾಗ ಮುದುಕಿ ಒಂದೇ ಮಾತು ಕೇಳಿದಳು: "ಜ್ವರ ಅಂತ ಬರ್ಕೊಂಡ್ರಾ?"

ಬರೆದಿರಲಿಲ್ಲ. ಪ್ರಕರಣಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಇನ್‌ಸ್ಪೆಕ್ಟರ್ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಆರೋಪಿಯ ತಂಗಿ ಜ್ವರದಿಂದ ತೀರಿಕೊಂಡಳೆಂದು ತಾವೇ ಬರೆದರು.