ಯಂತ್ರ ಒಪ್ಪದ ಮುಖ

ಸೋಮವಾರ ಬೆಳಿಗ್ಗೆ ಮಗಳು ಅಂಗಡಿಯ ಬಾಗಿಲು ತೆಗೆದು, ಎಂದಿನಂತೆ ಕಂಪ್ಯೂಟರಿನಲ್ಲಿ ತಮ್ಮ ವೆಬ್‌ಸೈಟ್ ತೆರೆದಳು. ವಿಳಾಸ ಅದೇ. ಪುಟ ಮಾತ್ರ ಬೇರೆ! ಅಪ್ಪ ಕೈಯಾರೆ ಮಾಡಿದ ಕೃತಕ ಕಣ್ಣುಗಳ ಚಿತ್ರಗಳಿದ್ದ ಜಾಗದಲ್ಲಿ ಯಾವುದೋ ಕಂಪನಿಯ ಜಾಹೀರಾತು—'ರೆಡಿಮೇಡ್ ಕಣ್ಣುಗಳು. ಎಲ್ಲ ಬಣ್ಣಗಳಲ್ಲೂ ಲಭ್ಯ. ಇಂದೇ ಆರ್ಡರ್ ಮಾಡಿ.'

"ಅಪ್ಪಾ! ನಮ್ಮ ಡೊಮೇನ್ ಹೆಸರು ಯಾರೋ ಹೊಡ್ಕೊಂಡಿದಾರೆ!"

ಅಪ್ಪ—ಎಲ್ಲರ ಬಾಯಲ್ಲಿ 'ಕಣ್ಣು ಮೇಷ್ಟ್ರು'—ಕಿಟಕಿಯ ಬಳಿ ಕುಳಿತು, ಕೆಂಪು ರೇಷ್ಮೆಯ ಎಳೆಯನ್ನು ಇನ್ನಷ್ಟು ಸೀಳಿ, ಬಿಳಿ ಗುಡ್ಡೆಯ ಮೇಲೆ ನರಗಳಂತೆ ಅಂಟಿಸುತ್ತಿದ್ದರು. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಎಳೆ ಕೂತ ಮೇಲೆಯೇ ಅವರು ತಲೆಯೆತ್ತಿದ್ದು.

ಹೋದದ್ದು ಬರಿಯ ಹೆಸರಲ್ಲ. ಅಂಗಡಿಯ ಈಮೇಲ್ ಕೂಡ ಅದೇ ಹೆಸರಿನಲ್ಲಿತ್ತು. ಕಣ್ಣು ಕಳೆದುಕೊಂಡವರು ಎಲ್ಲೆಲ್ಲಿಂದಲೋ ಅದಕ್ಕೇ ಬರೆಯುತ್ತಿದ್ದರು. ಅವರ ಪತ್ರಗಳೆಲ್ಲ ಇನ್ನು ರೆಡಿಮೇಡಿನವರ ಪಾಲು. ಅಳತೆಗೆ ಕೂರದ ಕಣ್ಣು ಒಳಗೆ ಉಜ್ಜಿ ಉಜ್ಜಿ ಹುಣ್ಣು ಮಾಡುವುದನ್ನು ಮಗಳು ಈ ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದಳು.

ಹೆಸರು ನೋಂದಾಯಿಸಿದ್ದ ಕಂಪನಿಗೆ ಫೋನ್ ಮಾಡಿದಳು.

"ಮಾಲೀಕರೇ ಕೇಳಿ ಬೇರೆ ಕಂಪನಿಗೆ ವರ್ಗ ಮಾಡಿಸ್ಕೊಂಡಿದಾರೆ ಮೇಡಂ. ಪಾಸ್‌ವರ್ಡ್ ಸರಿ ಇದೆ. ಗುರುತಿನ ಚೀಟಿ ಸರಿ ಇದೆ. ಮುಖದ ವೀಡಿಯೊನೂ ಪಾಸಾಗಿದೆ."

"ಮಾಲೀಕರು ನನ್ನ ಎದುರಿಗೇ ಕೂತಿದಾರೆ! ಅವರೇನೂ ಕೇಳಿಲ್ಲ!"

"ಹಾಗಾದ್ರೆ ತಕರಾರು ಹಾಕಿ. ಶುಕ್ರವಾರದೊಳಗೆ. ಅದಕ್ಕೆ ಮೊದಲು ಅವರೂ ಗುರುತು ರುಜುವಾತು ಮಾಡ್ಬೇಕು."

ಸರಿ, ಫೋನನ್ನು ಅಪ್ಪನ ಮುಖಕ್ಕೆ ಹಿಡಿದಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನೇರ ನೋಡಿ—ಪರದೆ ಒಮ್ಮೆ ಬೆಳ್ಳಗೆ ಮಿಂಚಿತು. ಉತ್ತರ ಬಂತು: 'ಜೀವಂತ ವ್ಯಕ್ತಿ ಪತ್ತೆಯಾಗಲಿಲ್ಲ.'

ಕಿಟಕಿಯಿಂದ ಎಬ್ಬಿಸಿ ದೀಪದ ಕೆಳಗೆ ಕೂರಿಸಿದಳು. ಕನ್ನಡಕ ತೆಗೆಸಿದಳು. ತಲೆ ಬಾಚಿದಳು. ಜಪ್ಪಯ್ಯ ಅಂದರೂ ಯಂತ್ರ ಒಪ್ಪಲಿಲ್ಲ.

"ನಾನು ಯಾವಾಗ ಸತ್ತೆನೋ ಏನೋ! ಮನೆಯವರಿಗಾದ್ರೂ ಹೇಳಿಕಳ್ಸೋದು ಬೇಡ್ವಾ?" ಎಂದು ಅಪ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಬಿಟ್ಟುಬಿಡಮ್ಮ. ಬೇರೆ ಹೆಸರು ತಗೊಳ್ಳೋಣ" ಎಂದರು.

ಬಿಡುವುದೇ? ಅಪ್ಪ ಇಷ್ಟು ಸುಲಭಕ್ಕೆ ಕೈಚೆಲ್ಲಿದ್ದು ಮಗಳಿಗೆ ಒಗಟಾಯಿತು.

ಬುಧವಾರ ಅಪ್ಪ ಮಗಳು ಆ ನೋಂದಣಿ ಕಂಪನಿಯ ಕಚೇರಿಗೇ ಹೋದರು. ಕಾರು ಓಡಿಸಿಕೊಂಡು ಬಂದವರು ಚಿಕ್ಕಪ್ಪ. ಅಂಗಡಿಯ ಕಾಗದಪತ್ರಗಳ ಓಡಾಟವೆಲ್ಲ ಮೊದಲಿನಿಂದ ಅವರದೇ. ಅಣ್ಣ ತಮ್ಮ ಇಬ್ಬರೂ ಒಂದೇ ಅಚ್ಚು—ಅದೇ ಮೂಗು, ಅದೇ ನರೆತ ಗಡ್ಡ, ಅದೇ ದಪ್ಪ ಕನ್ನಡಕ. ಬೀದಿಯಲ್ಲಿ ಒಬ್ಬರನ್ನು ಕಂಡು ಇನ್ನೊಬ್ಬರೆಂದು ಮಾತನಾಡಿಸಿದವರು ಬಹಳ.

ಗುರುತು ಪರಿಶೀಲನೆಯ ಕೋಣೆಯಲ್ಲಿ ಒಬ್ಬ ಹಿರಿಯ ಅಧಿಕಾರಿಣಿ ಇದ್ದರು. ಕಚೇರಿಯವರು ಅವರಿಗಿಟ್ಟ ಹೆಸರು 'ಜರಡಿ ಮೇಡಂ'. ಅವರ ಕೈಯಿಂದ ಹೊಟ್ಟು ಕೆಳಗಿಳಿಯುವುದಿಲ್ಲ ಎಂದು ಖ್ಯಾತಿ. ಮಗಳು ಅಭ್ಯಾಸಬಲದಿಂದ ಅಪ್ಪನ ಬಲಗಡೆ ಕುಳಿತಳು, ಚಿಕ್ಕಪ್ಪ ಎಡಗಡೆ.

"ನೀರು ತಗೊಳ್ಳಿ ಮೇಷ್ಟ್ರೇ," ಎಂದು ಮೇಡಂ ಅವರ ಎಡಗೈಯ ಹತ್ತಿರ ಲೋಟ ಇಟ್ಟರು. ಅಪ್ಪ ಕೈ ಚಾಚಿದರು. ಲೋಟ ಉರುಳಿತು.

"ಅಯ್ಯೋ! ವಯಸ್ಸಾಯ್ತು ನೋಡಿ," ಎಂದರು ಚಿಕ್ಕಪ್ಪ. "ಈ ಹೆಸರಿನ ವರ್ಗಾವಣೆನೂ ಅಣ್ಣನೇ ಯಾವಾಗ್ಲೋ ಒತ್ತಿ ಮರೆತಿರ್ಬೇಕು ಅಂತ ನನ್ನ ಅನುಮಾನ."

ಮೇಡಂ ಮೇಜು ಒರೆಸಿ, ಮಗಳತ್ತ ತಿರುಗಿದರು. "ನಿಮಗೆ ಯಾರ ಮೇಲಾದ್ರೂ ಅನುಮಾನ?"

"ಇದೆ. ವೆಬ್‌ಸೈಟ್ ಮಾಡಿಕೊಟ್ಟವನು. ಪಾಸ್‌ವರ್ಡ್ ಅವನಿಗೆ ಗೊತ್ತು. ಜಗಳ ಆಡ್ಕೊಂಡು ಬಿಟ್ಟುಹೋದ."

"ವಯಸ್ಸು?"

"ಮೂವತ್ತರ ಹತ್ತಿರ."

"ಇದನ್ನ ನೋಡಿ." ಮೇಡಂ ಪರದೆ ತಿರುಗಿಸಿದರು. ಪಾಸಾದ ವೀಡಿಯೊ ಓಡಿತು. ನರೆತ ಗಡ್ಡ, ದಪ್ಪ ಕನ್ನಡಕ—ಎಡಕ್ಕೆ, ಬಲಕ್ಕೆ, ನೇರಕ್ಕೆ.

ಮಗಳು ಪರದೆಯತ್ತ ಬಾಗಿದಳು. ಅಪ್ಪ!

"ಈಗ ಎಂಥ ಮುಖ ಬೇಕಾದ್ರೂ ಕಂಪ್ಯೂಟರಲ್ಲೇ ತಯಾರು ಮಾಡ್ತಾರಂತಲ್ಲ?" ಚಿಕ್ಕಪ್ಪ ಕೇಳಿದರು.

"ಇದು ಹಾಗಲ್ಲ. ಪರದೆ ಮಿಂಚಿದಾಗ ಕಣ್ಣಿನ ಪಾಪೆ ಸಣ್ಣದಾಗಿದೆ. ಜೀವ ಇರೋ ಮನುಷ್ಯನೇ."

ಅಪ್ಪ ವೀಡಿಯೊವನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಪೂರ್ತಿ ಕತ್ತು ತಿರುಗಿಸಿ ತಮ್ಮನನ್ನು ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು.

"ಅದು ನಾನೇ. ನಾನೇ ವರ್ಗ ಮಾಡಿದ್ದು. ಮರೆತಿದ್ದೆ. ತಕರಾರು ವಾಪಸ್ ತಗೋತೀನಿ."

"ಅಪ್ಪಾ! ಏನು ಹೇಳ್ತಿದೀಯ?"

"ಹೌದಮ್ಮ. ನಾನೇ."

"ನೀವಲ್ಲ," ಎಂದರು ಜರಡಿ ಮೇಡಂ. "ಇದನ್ನ ಮಾಡೋಕೆ ಯಾರಿಂದ ಆದ್ರೂ ಆಗಬಹುದು—ನಿಮ್ಮಿಂದ ಮಾತ್ರ ಸಾಧ್ಯವಿಲ್ಲ. ಕಾರಣ ನಾನು ಹೇಳಲಾ, ನೀವೇ ಹೇಳ್ತೀರಾ?"

ಅಪ್ಪ ತಲೆ ತಗ್ಗಿಸಿದರು.

ಮೇಡಂ ಇನ್ನೊಂದು ವೀಡಿಯೊ ತೆರೆದು ಪಕ್ಕದಲ್ಲಿಟ್ಟರು. ಸೋಮವಾರ ಮಗಳೇ ತೆಗೆದದ್ದು, ಯಂತ್ರ ತಳ್ಳಿಹಾಕಿದ್ದು. ಎರಡನ್ನೂ ದೊಡ್ಡದು ಮಾಡಿ, ನಿಧಾನವಾಗಿ ಓಡಿಸಿದರು. ಬೆಳಕು ಮಿಂಚಿತು. ಪಾಸಾದವನ ಪಾಪೆಗಳು ಎರಡೂ ಕುಗ್ಗಿದವು. ಅಪ್ಪನದು? ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನದು ಇದ್ದ ಹಾಗೇ ಇತ್ತು.

"ಯಂತ್ರ ಸುಳ್ಳು ಹೇಳಲಿಲ್ಲ," ಎಂದರು ಮೇಡಂ. "ಈ ಮುಖದಲ್ಲಿ ಒಂದು ಭಾಗ ಜೀವಂತ ಅಲ್ಲ ಅಂತು. ನಾವೆಲ್ಲ ಪಾಸಾದವನು ನಿಜ, ಫೇಲಾದವನು ಸುಳ್ಳು ಅಂದ್ಕೊಂಡ್ವಿ. ಇಲ್ಲಿ ಉಲ್ಟಾ. ಇವರು ಈ ಪರೀಕ್ಷೆ ಪಾಸಾಗೋಕೆ ಆಗೋದೇ ಇಲ್ಲ. ಲೋಟ ಬೇಕಂತಲೇ ಎಡಗಡೆ ಇಟ್ಟೆ, ಕ್ಷಮಿಸಿ. ಮೇಷ್ಟ್ರೇ... ಆ ಕಣ್ಣು ನೀವೇ ಮಾಡಿದ್ದಾ?"

"ಹೂಂ," ಎಂದರು ಅಪ್ಪ.

ಮಗಳು ಅಪ್ಪನತ್ತ ತಿರುಗಿದಳು. ಹುಟ್ಟಿದಾಗಿನಿಂದ ನೋಡಿದ ಮುಖ! ಅದೇ ಅಂಗಡಿಯಲ್ಲಿ, ಅದೇ ಕೆಲಸದಲ್ಲಿ ಬೆಳೆದವಳು ಅವಳು. ಇನ್ನೊಬ್ಬರ ಕಣ್ಣು ನಕಲಿಯೋ ಅಸಲಿಯೋ ಎಂದು ಬಾಗಿಲಲ್ಲೇ ಹೇಳುತ್ತಿದ್ದವಳು. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಈಗ ನೆನಪುಗಳು ಸಾಲುಗಟ್ಟಿ ಬಂದವು: ರಸ್ತೆಯಲ್ಲಿ ಅಪ್ಪ ಅವಳನ್ನು ಯಾವಾಗಲೂ ಬಲಗಡೆಗೇ ಎಳೆದುಕೊಳ್ಳುತ್ತಿದ್ದದ್ದು, ಎಡಗಡೆಯಿಂದ ಕರೆದರೆ ಬೆಚ್ಚುತ್ತಿದ್ದದ್ದು, ಆಗಾಗ ಅಂಗಡಿಯ ಚಿಲಕ ಹಾಕಿಕೊಂಡು ಒಬ್ಬರೇ ಕೂರುತ್ತಿದ್ದದ್ದು.

"ಚಿಲಕ ಹಾಕ್ಕೊಂಡು..."

"ಹೊಸದು ಮಾಡ್ತಿದ್ದೆ," ಎಂದರು ಅಪ್ಪ. "ಈ ಕಣ್ಣಿಗೆ ವಯಸ್ಸಾಗ್ತಿತ್ತಲ್ಲ, ಆ ಕಣ್ಣಿಗೂ ಆಗ್ಬೇಕಲ್ವಾ? ಸ್ವಲ್ಪ ಹಳದಿ, ಒಂದೆರಡು ನರ ಜಾಸ್ತಿ."

ತನ್ನ ಮುಪ್ಪನ್ನು ತಾನೇ ಕುಂಚ ಹಿಡಿದು ಬರೆದುಕೊಂಡ ಮನುಷ್ಯ! ಜರಡಿ ಮೇಡಂ ಕೆಲಸಕ್ಕೆ ಮರಳಿದರು.

"ವೀಡಿಯೊದಲ್ಲಿರೋದು ಇದೇ ಮುಖ. ಆದ್ರೆ ಎರಡೂ ಕಣ್ಣು ಕಾಣೋ ಮುಖ. ಅಂಥದ್ದು ಈ ಕೋಣೆಯಲ್ಲಿ ಇನ್ನೊಂದೇ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕಪ್ಪ ಕಣ್ಣು ಮುಟ್ಟಿಕೊಂಡರು.

"ಆ ರೆಡಿಮೇಡ್ ಕಂಪನಿಯವರು ಪಾಲುದಾರಿಕೆ ಕೊಡ್ತೀವಿ ಅಂದ್ರು," ಎಂದರು. "ಹೆಸರು ತಂದುಕೊಡು ಅಂದ್ರು. ಅಂಗಡಿ ಕಾಗದ, ಪಾಸ್‌ವರ್ಡ್ ಎಲ್ಲ ನನ್ನ ಹತ್ರ ಇತ್ತು. ಅಣ್ಣ ಹೇಗೂ ಒಪ್ಪಲ್ಲ ಅಂತ..."

"ಚಿಕ್ಕಪ್ಪಾ, ಅಪ್ಪನ ಕಣ್ಣಿನ ವಿಷಯ ನಿಮಗೆ ಗೊತ್ತಿರ್ಲಿಲ್ವಾ?"

ಆ ಪ್ರಶ್ನೆಗೆ ಚಿಕ್ಕಪ್ಪ ಅಣ್ಣನ ಮುಖವನ್ನೇ ದಿಟ್ಟಿಸಿದರು. ನೋಡುತ್ತ ನೋಡುತ್ತ ಅವರ ಮುಖ ಬಿಳುಚಿಕೊಂಡಿತು.

"ಗೊತ್ತಿತ್ತು," ಎಂದರು. "ಕೊಡೆ ಕಡ್ಡಿಯ ಬಾಣ. ಬಿಟ್ಟವನು ನಾನೇ. ನನಗಾಗ ಆರೋ ಏಳೋ. ಅಣ್ಣ ಎಲ್ಲರ ಹತ್ರ ಬೇಲಿ ಮೇಲೆ ಬಿದ್ದೆ ಅಂದ. ಎಷ್ಟೋ ವರ್ಷ ಆ ಮುಖ ನೋಡೋಕೇ ಆಗ್ತಿರ್ಲಿಲ್ಲ ನನಗೆ. ಆಮೇಲೆ ಅವನು ಈ ಕೆಲಸ ಕಲಿತು, ಈ ಕಣ್ಣು ಮಾಡ್ಕೊಂಡ. ಅದನ್ನ ನೋಡಿ ನೋಡಿ... ಮರೆತೇಬಿಟ್ಟೆ ಅಣ್ಣ. ನಿಜವಾಗ್ಲೂ ಮರೆತೇಬಿಟ್ಟೆ."

"ನೀನು ಮರೀಲಿ ಅಂತಲೇ ಅಷ್ಟು ಚೆನ್ನಾಗಿ ಮಾಡಿದ್ದು ಕಣೋ," ಎಂದರು ಅಪ್ಪ.

ಚಿಕ್ಕಪ್ಪ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಹೆಸರನ್ನು ಹಿಂದಿರುಗಿಸುವ ಕಾಗದಕ್ಕೆ ರುಜು ಹಾಕುವಾಗಲೂ ಅಳುತ್ತಲೇ ಇದ್ದರು. ಉಳಿದದ್ದು ಒಂದೇ: ಮಾಲೀಕರ ಗುರುತು. ಮೇಡಂ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದರು. ಗುರುತಿನ ಚೀಟಿ ನೋಡಿ, ಅಪ್ಪನ ಮುಖ ನೋಡಿ, ತಾವೇ ಸಹಿ ಹಾಕಿದರು.

"ಯಂತ್ರಕ್ಕೆ ಬೇಡವಾದ್ರೆ ಬೇಡ. ನಾನು ನೋಡಿದೀನಿ," ಎಂದರು.

ಹೊರಗೆ ಮೆಟ್ಟಿಲ ಹತ್ತಿರ ಮಗಳು ಅಪ್ಪನನ್ನು ನಿಲ್ಲಿಸಿ, ಆ ಎಡಗಣ್ಣನ್ನೇ ನೋಡಿದಳು. ರೇಷ್ಮೆಯ ಎಳೆಗಳನ್ನು ಹುಡುಕಿದಳು. ಸಿಗಲಿಲ್ಲ. ಅದು ಅವಳನ್ನು ಅಕ್ಕರೆಯಿಂದ ನೋಡುತ್ತಿದ್ದಂತೆಯೇ ಇತ್ತು.

ಅಪ್ಪ ಅಭ್ಯಾಸದಂತೆ ಬಲಗೈ ಚಾಚಿದರು. ಮಗಳು ಅವರ ಹಿಂದಿನಿಂದ ಸುತ್ತಿ ಬಂದು, ಎಡಗೈ ಹಿಡಿದುಕೊಂಡಳು.