ಮಾವ ಊದುತ್ತಿದ್ದ ನಳಿಕೆ

ಇದು ಮಟಮಟ ಮಧ್ಯಾಹ್ನ ನಡೆದದ್ದು. ನಾನು ಕುಡಿದಿರಲಿಲ್ಲ, ನಿದ್ದೆಗಣ್ಣಲ್ಲೂ ಇರಲಿಲ್ಲ.

ಆಸ್ಪತ್ರೆಯ ಮೂಲೆಕೋಣೆಗೆ ಗಾಳಿ ಸಾಲುತ್ತಿಲ್ಲವೆಂದು ನನ್ನನ್ನು ಕಳಿಸಿದ್ದರು. ಚಾವಣಿಯ ಮೇಲೆ ಗಾಳಿ ಹರಿಯುವ ಡಕ್ಟಿನೊಳಗೆ ಒಂದು ತಗಡಿನ ಬಾಗಿಲಿದೆ. ಕಂಪ್ರೆಸರ್‌ನಿಂದ ಸಣ್ಣ ನಳಿಕೆಯಲ್ಲಿ ಬರುವ ಒತ್ತಡಕ್ಕೆ ಅದು ತೆರೆಯುತ್ತದೆ. ಎಷ್ಟು ತೆರೆಯಬೇಕೆಂದು ತಿರುಪು ತಿರುಗಿಸಿ ಹೊಂದಿಸುವುದು ನನ್ನ ಕೆಲಸ. ನನಗಿಂತ ಮುಂಚೆ ನನ್ನ ಸೋದರಮಾವ ಮಾಡುತ್ತಿದ್ದ. ನಳಿಕೆಯನ್ನು ಬಾಯಿಗಿಟ್ಟು ಊದಿ, ಬಾಗಿಲು ಅಲುಗಿದರೆ ಮಾತ್ರ ಒತ್ತಡದ ಮೀಟರನ್ನು ನಂಬುತ್ತಿದ್ದ. ಡಕ್ಟುಗಳ ಧೂಳು ಕುಡಿದು ಕುಡಿದು, ಉಸಿರು ಸಾಲದೆ ಸತ್ತ. ಕಂಪನಿಯ ಒಂದು ನಾಯಿಯೂ ಮಣ್ಣಿಗೆ ಬರಲಿಲ್ಲ.

ಆ ಸಿಟ್ಟಿನಲ್ಲೇ ಏಣಿ ಹತ್ತಿ ನಳಿಕೆಯನ್ನು ಎಳೆದೆ. ಕಂಪ್ರೆಸರ್ ಕಡೆಯ ತುದಿ ಮುರಿದು ಕೈಗೆ ಬಂತು. ಬಾಗಿಲು ದಡಕ್ಕನೆ ಮುಚ್ಚಿತು. ಕೆಳಗೆ ಮಂಚದ ಮೇಲಿದ್ದ ಅಜ್ಜಿ ಏದುಸಿರು ಬಿಡತೊಡಗಿದಳು.

"ಏನ್ ಮಾಡ್ದ್ಯೋ ಪುಣ್ಯಾತ್ಮ, ಜೀವ ಹೋಗ್ತಿದೆ!"

"ಇರಜ್ಜಿ, ಬೇರೆ ನಳಿಕೆ ತರ್ತೀನಿ. ಅಷ್ಟರೊಳಗೆ ನೀ ಹೋದ್ರೆ ನನ್ ಕೆಲ್ಸನೂ ಹೋಗತ್ತೆ!"

ಏಣಿ ಇಳಿಯುವಷ್ಟರಲ್ಲಿ ಮೇಲೆ ಯಾರೋ ಕೆಮ್ಮಿದರು. ಲವಂಗದ ವಾಸನೆ ಬಂತು. ಮಾವನ ಬಾಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಅದೇ. ಬಾಗಿಲು ಕಿರ್ರೆಂದು ತೆರೆದು, ಮುಚ್ಚಿ, ಮತ್ತೆ ತೆರೆಯಿತು, ಯಾರೋ ದಮ್ಮು ಎಳೆದೆಳೆದು ಊದಿದ ಹಾಗೆ. ಅಜ್ಜಿಯ ಹಣೆಯ ಮೇಲಿನ ಕೂದಲು ಹಾರಾಡಿತು.

ನಾನು ಓಡಿಹೋಗಿ ಹೊಸ ನಳಿಕೆ ತಂದು ಜೋಡಿಸಿ ಇಳಿದಾಗ ಅಜ್ಜಿ ಆರಾಮವಾಗಿ ಉಸಿರಾಡುತ್ತಿದ್ದಳು.

"ಮೇಲಿರೋ ನಿಮ್ಮೋರಿಗೆ ಒಂಚೂರು ನೀರು ಕೊಡಪ್ಪ. ಊದಿ ಊದಿ ಸುಸ್ತಾಗಿದಾರೆ."

ನಾನು ಒಬ್ಬನೇ ಬಂದಿದ್ದೆ.

ಆ ಹಳೇ ನಳಿಕೆ ಇನ್ನೂ ನನ್ನ ಚೀಲದಲ್ಲಿದೆ. ಎಷ್ಟು ಒರೆಸಿದರೂ ಅದರ ತುದಿಯ ತೇವ ಆರುವುದಿಲ್ಲ.